ನಿಂತುಹೋದ ಹಳೆ ಜೀಪು: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು

ವರ್ಷಗಟ್ಟಲೆ ಮೂಲೆಗೆ ಬಿದ್ದ ಫೋರ್ ವೀಲ್ ಡ್ರೈವ್ ಗಾಡಿ ಮಾರಾಟಕ್ಕಿದೆ ಎಂದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಎಂಜಿನ್ ಸ್ಟಾರ್ಟ್ ಆಗುತ್ತಾ?’. ಬೆಲೆ ಏರುವುದು ಇಳಿಯುವುದು ಕೂಡ ಅದರ ಮೇಲೆಯೇ. ಆದರೆ ಇಂಥ ಗಾಡಿಯನ್ನು ಮತ್ತೆ ಎಬ್ಬಿಸುವಾಗ ಹಣವನ್ನೂ ತಿಂಗಳುಗಳನ್ನೂ ನುಂಗುವುದು ತುಕ್ಕು. ಜಾಮ್ ಆದ ಎಂಜಿನ್ ಇಳಿಸಿ, ಬೋರಿಂಗ್ ಮಾಡಿಸಿ, ಪಿಸ್ಟನ್, ರಿಂಗು, ಬೇರಿಂಗು ಹಾಕಿ ಮತ್ತೆ ಕೂರಿಸಲು ಎಷ್ಟಾಗುತ್ತದೆಂದು ಮೊದಲೇ ಅಂದಾಜು ಹಾಕಬಹುದು. ಕೊಳೆತ ಚಾಸಿಗೆ, ಅಂದರೆ ಇಡೀ ಗಾಡಿಯನ್ನು ಹೊರುವ ಕೆಳಗಿನ ಉಕ್ಕಿನ ಚೌಕಟ್ಟಿಗೆ, ಅಂಥ ಅಂದಾಜು ಇಲ್ಲ. ಒಂದು ಕಡೆ ಕತ್ತರಿಸಿದರೆ ಪಕ್ಕದ ತಗಡೂ ಹಾಳೆಯಷ್ಟು ತೆಳುವಾಗಿರುತ್ತದೆ. ವೆಲ್ಡಿಂಗ್ ಹಿಡಿಯಬೇಕೆಂದರೆ ಗಟ್ಟಿ ತಗಡು ಸಿಗುವವರೆಗೂ ಕತ್ತರಿಸುತ್ತಲೇ ಹೋಗಬೇಕು. ಹಾಗಾಗಿ ಎಂಜಿನ್ ಸತ್ತಿದ್ದು ಚಾಸಿ ಗಟ್ಟಿಯಾಗಿರುವ ಗಾಡಿ, ಎಂಜಿನ್ ಓಡುತ್ತಿದ್ದು ಚಾಸಿ ಕೊಳೆತಿರುವ ಗಾಡಿಗಿಂತ ಹೆಚ್ಚಿನ ಪಾಲು ಸಂದರ್ಭಗಳಲ್ಲಿ ಒಳ್ಳೆಯ ಖರೀದಿ. ಇದಕ್ಕಿರುವ ಕೆಲವು ಅಪವಾದಗಳನ್ನು ಮುಂದೆ ಹೇಳಿದ್ದೇವೆ.

ಯಾವ ಸ್ಥಿತಿಯ ಗಾಡಿ?

ಸಾಮಾನ್ಯವಾಗಿ ನಾಲ್ಕು ಬಗೆಯವು ಕಣ್ಣಿಗೆ ಬೀಳುತ್ತವೆ.

ಒಂದು, ನಿಲ್ಲಿಸಿದ್ದು ಹಾಗೇ ಉಳಿದ ಗಾಡಿ. ಯಾವುದೋ ರಿಪೇರಿಗೆಂದು ನಿಂತಿದೆ, ಯಾರೂ ಬಿಚ್ಚಿಲ್ಲ, ಪ್ರತಿ ಬೋಲ್ಟೂ ತನ್ನ ಜಾಗದಲ್ಲಿದೆ. ಸೂರಿನ ಕೆಳಗೆ ಸಿಮೆಂಟ್ ನೆಲದ ಮೇಲೆ ನಿಂತಿದ್ದರೆ ಧೈರ್ಯವಾಗಿ ಹತ್ತಿರ ಹೋಗಿ ನೋಡಬಹುದಾದ ಗಾಡಿ ಅದು. ಹುಲ್ಲು, ಮಣ್ಣಿನ ಮೇಲೆ ನಿಂತಿದ್ದರೆ ಕಥೆಯೇ ಬೇರೆ: ನೆಲದ ತೇವ ಹಗಲು ರಾತ್ರಿ ಮೇಲೇರಿ ಚಾಸಿಯ ಕೆಳಮೈಯನ್ನು ತಿನ್ನುತ್ತಿರುತ್ತದೆ, ಮೇಲಿನ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಮರದಡಿ ನಿಂತದ್ದಾದರೆ ವಿಂಡ್‌ಸ್ಕ್ರೀನ್ ಕೆಳಗಿನ ಗಾಳಿ ಕಿಂಡಿಯಲ್ಲಿ, ಚಾವಣಿಯ ಗಟರ್‌ನಲ್ಲಿ ಎಲೆ ಕೊಳೆತು ನೀರು ಹಿಡಿದಿಟ್ಟಿರುತ್ತದೆ. ಮೊದಲು ಅಲ್ಲಿ ಬೆರಳು ಹಾಕಿ ನೋಡಿ.

ಎರಡು, ಇನ್ನೊಬ್ಬರು ಅರ್ಧಕ್ಕೆ ಬಿಟ್ಟ ಕೆಲಸ. ಬಾಡಿ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ, ಡಬ್ಬಗಳ ತುಂಬ ನಟ್ಟು ಬೋಲ್ಟು. ಇದರ ಬೆಲೆ ಕಡಿಮೆ, ಚಾಸಿ ಬೆತ್ತಲಾಗಿ ಕಾಣುವುದರಿಂದ ತುಕ್ಕಿನ ಪರೀಕ್ಷೆಯೂ ಸುಲಭ. ಅಪಾಯ ಇರುವುದು ಕಾಣೆಯಾದ ಸಾಮಾನಿನಲ್ಲಿ. ಎಂಜಿನ್, ಗೇರ್ ಬಾಕ್ಸ್, ಆಕ್ಸಲ್‌ನಂಥ ದೊಡ್ಡವು ಎಲ್ಲಿಯಾದರೂ ಸಿಗುತ್ತವೆ. ಸಿಗದೇ ಇರುವುದು ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಲಿವರ್‌ನ ಲಿಂಕೇಜು, ವಿಂಡ್‌ಸ್ಕ್ರೀನ್ ಫ್ರೇಮಿನ ಕೀಲು, ಆಲ್ಟರ್ನೇಟರ್ ಕೂರುವ ಬ್ರ್ಯಾಕೆಟ್, ಪೆಡಲ್ ಬಾಕ್ಸ್, ಮುಂದಿನ ಚಕ್ರಗಳನ್ನು ಆಕ್ಸಲ್‌ಗೆ ಸೇರಿಸುವ, ಬಿಡಿಸುವ ಲಾಕಿಂಗ್ ಹಬ್, ಡ್ಯಾಶ್‌ಬೋರ್ಡಿನ ಮೀಟರು. ಆ ಮಾಡೆಲ್‌ನ ಪಾರ್ಟ್ಸ್ ಕ್ಯಾಟಲಾಗ್ ಮುದ್ರಿಸಿಕೊಂಡು ಹೋಗಿ, ಚಿತ್ರ ಚಿತ್ರವಾಗಿ ಇದ್ದದ್ದಕ್ಕೆ ಗುರುತು ಹಾಕುತ್ತಾ ಬನ್ನಿ. ‘ಎಲ್ಲ ಇದೆ, ಒಳಗೆಲ್ಲೋ ಇದೆ’ ಎಂದರೆ ಅದು ಇಲ್ಲ ಎಂದೇ ಲೆಕ್ಕ ಹಾಕಿ. ಬಿಚ್ಚಿದವರೇ ಜೋಡಿಸಿದರೆ ಒಂದು ವಾರದ ಕೆಲಸ. ಬೇರೆಯವರು ಬಿಚ್ಚಿದ್ದನ್ನು ಜೋಡಿಸುವಾಗ ಯಾವ ಬೋಲ್ಟು ಎಲ್ಲಿಯದು ಎಂದು ಹುಡುಕುವುದರಲ್ಲೇ ಅದರ ಹಲವು ಪಟ್ಟು ಹೋಗುತ್ತದೆ.

ಮೂರು, ಓಡುತ್ತಿರುವ, ಆದರೆ ತೇಪೆ ಮೇಲೆ ತೇಪೆ ಬಿದ್ದ ಗಾಡಿ. ಹೊಸಬರು ಹೆಚ್ಚು ಮೋಸ ಹೋಗುವುದು ಇಲ್ಲೇ. ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಒಂದು ಸುತ್ತು ಹೊಡೆಸುತ್ತಾರೆ, ಬಣ್ಣ ಹೊಸದು. ಕೆಳಗೆ ಡಾಂಬರಿನಂಥ ಕಪ್ಪು ಅಂಡರ್‌ಕೋಟ್ ಆಗತಾನೆ ಬಳಿದಿದ್ದರೆ ಅದರ ಹಿಂದೇನಿದೆ ಎಂದು ಕೆರೆದು ನೋಡಲು ಅನುಮತಿ ಕೇಳಿ. ಕೊಡದಿದ್ದರೆ ಅಲ್ಲಿಗೇ ಬಿಡಿ.

ನಾಲ್ಕು, ಆಗಲೇ ಸರಿಯಾಗಿ ಮಾಡಿಸಿಟ್ಟ ಗಾಡಿ. ಬೆಲೆ ಹೆಚ್ಚೆಂದು ಪಟ್ಟಿಯಿಂದ ಬಿಡಬೇಡಿ. ಅದನ್ನು ಮಾಡಿಸಿದವರು ಹಾಕಿದ ಹಣ ಮಾರಾಟದಲ್ಲಿ ಪೂರ್ತಿ ವಾಪಸ್ ಬರುವುದು ಅಪರೂಪ, ಆ ನಷ್ಟದ ಲಾಭ ಕೊಳ್ಳುವವರಿಗೆ. ಕೆಲಸ ಕಲಿಯುವ ಆಸೆ ಇಲ್ಲದೆ ಗಾಡಿ ಓಡಿಸುವ ಆಸೆ ಮಾತ್ರ ಇರುವವರಿಗೆ ನಾಲ್ಕನೆಯದೇ ಅಗ್ಗ. ಕೆಲಸದ ಪ್ರತಿ ಹಂತದ ಫೋಟೊ, ಸಾಮಾನಿನ ಬಿಲ್ಲು ಇರಲೇಬೇಕು. ಫೋಟೊ ಇಲ್ಲದ ‘ಫುಲ್ ರಿಸ್ಟೋರೇಷನ್’ ಮೂರನೆಯ ಬಗೆಯದೇ ಆಗಿರಬಹುದು.

ನಮ್ಮ ಶಿಫಾರಸು ಹೀಗೆ: ಸೂರಿನಡಿ ನಿಂತ, ಬಿಚ್ಚದ ಗಾಡಿ ಮೊದಲು. ಅದಿಲ್ಲದಿದ್ದರೆ ಒಣ ಚಾಸಿ ಇರುವ, ಕ್ಯಾಟಲಾಗ್‌ಗೆ ತಾಳೆಯಾಗುವ ಬಿಚ್ಚಿದ ಗಾಡಿ. ಅದೇ ಮಾಡೆಲ್‌ನ ಎರಡನೆಯ ಗಾಡಿ ಗುಜರಿ ಬೆಲೆಗೆ ಸಿಕ್ಕಿ, ಎರಡನ್ನೂ ಇಡಲು ಜಾಗವಿದ್ದರೆ ಮೊದಲ ಬಗೆಯದರ ಜೊತೆ ಅದನ್ನೂ ತನ್ನಿ. ಸಣ್ಣ ಬ್ರ್ಯಾಕೆಟ್ಟುಗಳ ತಲೆನೋವು ಅರ್ಧ ಕಳೆಯುತ್ತದೆ. ತೇಪೆಯ ಗಾಡಿ ಕೊನೆಗೆ.

ಮಾಡೆಲ್ ಬದಲಾದರೆ ಕೊಳೆಯುವ ಜಾಗವೂ ಬದಲು

1948ರಿಂದ 1985ರವರೆಗೆ ಬಂದ ಲ್ಯಾಂಡ್ ರೋವರ್ ಸೀರೀಸ್ ಗಾಡಿಗಳ ಬಾಡಿ ತಗಡು ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದಕ್ಕೇ ತುಕ್ಕಿನ ಭಯವಿಲ್ಲ ಎಂಬ ಮಾತು ಹರಡಿದೆ. ಆದರೆ ಚಾಸಿ, ಬಲ್ಕ್‌ಹೆಡ್ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆ), ಬಾಗಿಲಿನ ಒಳಚೌಕಟ್ಟು ಎಲ್ಲ ಉಕ್ಕು. ಉಕ್ಕು ಅಲ್ಯೂಮಿನಿಯಂ ಸೇರುವ ಕಡೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಚಾಸಿಯ ಪೆಟ್ಟಿಗೆಯಂಥ ಉದ್ದ ತೊಲೆಗಳು ಒಳಗಿನಿಂದ ಕೊಳೆಯುತ್ತವೆ. ಮೊದಲು ಹೋಗುವುದು ಹಿಂದಿನ ಅಡ್ಡತೊಲೆ, ಆಮೇಲೆ ಚಾಸಿಯಿಂದ ಪಕ್ಕಕ್ಕೆ ಚಾಚಿ ಬಲ್ಕ್‌ಹೆಡ್ ಹೊರುವ ಔಟ್‌ರಿಗ್ಗರ್, ಸ್ಪ್ರಿಂಗಿನ ತುದಿ ಹಿಡಿಯುವ ಸ್ಪ್ರಿಂಗ್ ಹ್ಯಾಂಗರ್. ಬಲ್ಕ್‌ಹೆಡ್‌ನಲ್ಲಿ ಕಾಲಿಡುವ ಗುಂಡಿ ಮತ್ತು ವಿಂಡ್‌ಸ್ಕ್ರೀನ್ ಕೆಳಗಿನ ಎರಡು ಮೇಲ್ಮೂಲೆ ನೋಡಿ. ಮೇಲೆ ಹೇಳಿದ ಅಪವಾದಗಳಲ್ಲಿ ದೊಡ್ಡದು ಈ ಗಾಡಿಯೇ: ಇದಕ್ಕೆ ಸತುವಿನ ಲೇಪದ ಹೊಸ ಚಾಸಿ ಸಿಗುತ್ತದೆ, ಬಾಡಿ ಪೂರ್ತಿ ಬೋಲ್ಟಿನಿಂದ ಬಿಚ್ಚಿ ಕೂರಿಸುವಂಥದ್ದು. ಹಳೆಯದಕ್ಕೆ ವರ್ಷಗಟ್ಟಲೆ ತೇಪೆ ಹಾಕುವುದಕ್ಕಿಂತ ಹೊಸ ಚಾಸಿ ಹಾಕುವುದು ಲೇಸು. ಬಲ್ಕ್‌ಹೆಡ್ ಮಾತ್ರ ಸುಲಭದ್ದಲ್ಲ. ಪೆಡಲ್, ಸ್ಟೇರಿಂಗ್, ಬಾಗಿಲ ಕೀಲು, ವೈರಿಂಗ್ ಎಲ್ಲ ಅದಕ್ಕೇ ಜೋತುಬಿದ್ದಿವೆ, ಅದು ಒಂದಿಷ್ಟು ಓರೆಯಾದರೂ ಬಾಗಿಲು ಕೂರುವುದಿಲ್ಲ.

ಟೊಯೊಟಾ ಲ್ಯಾಂಡ್ ಕ್ರೂಸರ್ 40 ಸರಣಿ (1960ರಿಂದ 1984) ಇದಕ್ಕೆ ತದ್ವಿರುದ್ಧ. ಎಂಜಿನ್, ಗೇರ್ ಬಾಕ್ಸ್, ಆಕ್ಸಲ್ ಬಹಳ ಗಟ್ಟಿ. ಉಕ್ಕಿನ ಬಾಡಿಯೇ ದುರ್ಬಲ. ಹಿಂಬಾಗಿಲಿನ ಕೆಳಗಿನ ಸಿಲ್ (ಹೊಸ್ತಿಲ ಪಟ್ಟಿ), ಹಿಂದಿನ ಚಕ್ರದ ಕಮಾನು, ಸೀಟಿನ ಕೆಳಗಿನ ನೆಲ, ಬಾಗಿಲ ಕಂಬದ ಬುಡ ನೋಡಿ. ಮುಂದಿನ ಆಕ್ಸಲ್‌ನ ಗುಂಡು ಮುಖದಿಂದ ಎಣ್ಣೆ ಸೋರುತ್ತಿದ್ದರೆ ಗಾಬರಿ ಬೇಡ. ಒಳಗಿನ ಆಯಿಲ್ ಸೀಲ್ ಹೋಗಿ ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರ್ ಜೋಡಣೆ) ಎಣ್ಣೆ ಗ್ರೀಸಿನೊಳಗೆ ನುಗ್ಗಿ ತೆಳ್ಳಗಾಗಿರುತ್ತದೆ. ಎರಡೂ ಪಕ್ಕ ಬಿಚ್ಚಿ ಸೀಲ್ ಬದಲಿಸಿ, ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬುವ ಕೆಲಸ. ಚೌಕಾಸಿಗೆ ಮಾತ್ರ ಒಳ್ಳೆಯ ಆಧಾರ.

ಸುಜುಕಿ ಎಸ್‌ಜೆ410 (970 ಸಿಸಿ) ಮತ್ತು ಅದರ ಬಳಗ, ಅಂದರೆ ಕೆಲವೆಡೆ ಸಮುರಾಯ್, ಭಾರತದಲ್ಲಿ ಜಿಪ್ಸಿ ಎಂಬ ಹೆಸರಿನಲ್ಲಿ ಬಂದವು, ಮೊದಲ ಬಾರಿ ಕೈಹಾಕುವವರಿಗೆ ನಮ್ಮ ಆಯ್ಕೆ. ಹಗುರ ಗಾಡಿ, ಗೇರ್ ಬಾಕ್ಸನ್ನೂ ಟ್ರಾನ್ಸ್‌ಫರ್ ಕೇಸನ್ನೂ ದೊಡ್ಡ ಕ್ರೇನ್ ಇಲ್ಲದೆ ಇಬ್ಬರು ಇಳಿಸಬಹುದು. ಇದರಲ್ಲಿ ಟ್ರಾನ್ಸ್‌ಫರ್ ಕೇಸ್ ಬೇರೆಯಾಗಿ ರಬ್ಬರ್ ಮೌಂಟ್‌ಗಳ ಮೇಲೆ ಕೂತಿದೆ. ರಬ್ಬರ್ ಹರಿದರೆ ಇಡೀ ಗಾಡಿ ನಡುಗುತ್ತದೆ. ನೋಡಿದವರು ಗೇರ್ ಬಾಕ್ಸೇ ಹೋಗಿದೆ ಎಂದುಕೊಳ್ಳುತ್ತಾರೆ. ಮುಂದಿನ ಚಕ್ರ ಎಡಬಲ ಹೊರಳುವ ಕೀಲಿನ ಕಿಂಗ್‌ಪಿನ್ ಬೇರಿಂಗ್ ಸವೆದರೆ ವೇಗದಲ್ಲಿ ಸ್ಟೇರಿಂಗ್ ಕೈಬಿಟ್ಟುಹೋಗುವಷ್ಟು ಅದುರುತ್ತದೆ. ಎರಡೂ ಅಗ್ಗದ ರಿಪೇರಿ. ತಗಡು ಮಾತ್ರ ತೆಳು, ನೆಲ ಹಾಗೂ ಪಕ್ಕದ ಸಿಲ್ ಬೇಗ ಹೋಗುತ್ತವೆ.

ವಿಲ್ಲಿಸ್ ಮಾದರಿಯ ಜೀಪುಗಳು, ಉದಾಹರಣೆಗೆ 1953ರಿಂದ 1968ರವರೆಗೆ ಬಂದ ಸಿಜೆ-3ಬಿ, ಬಾಡಿ ಕೆಲಸಕ್ಕೆ ಎಲ್ಲಕ್ಕಿಂತ ಸರಳ. ತಗಡೆಲ್ಲ ಹೆಚ್ಚುಕಡಿಮೆ ಚಪ್ಪಟೆ, ಮಡಿಕೆ ಯಂತ್ರವಿರುವ ಯಾವ ಟಿಂಕರಿಂಗ್ ಶೆಡ್ಡಿನಲ್ಲೂ ಮಾಡಿಸಬಹುದು, ಹೊಸ ಟಬ್‌ಗಳೂ (ಬಾಡಿಯ ತೊಟ್ಟಿ) ತಯಾರಾಗುತ್ತವೆ. ಇದು ಇನ್ನೊಂದು ಅಪವಾದ: ಬಾಡಿ ಜರಡಿಯಾಗಿದ್ದರೂ ಚಾಸಿ ನೇರವಾಗಿದ್ದರೆ ಕೊಳ್ಳಬಹುದು.

ಜೀಪ್ ಚೆರೋಕಿ ಎಕ್ಸ್‌ಜೆಯಲ್ಲಿ (1984ರಿಂದ 2001) ಬೇರೆ ಚಾಸಿಯೇ ಇಲ್ಲ. ಬಾಡಿಯೇ ಭಾರ ಹೊರುತ್ತದೆ, ನೆಲದ ಕೆಳಗೆ ಬೆಸೆದ ಎರಡು ರೈಲುಗಳೇ ಬೆನ್ನೆಲುಬು. ಮುಂದಿನ ಕಾರ್ಪೆಟ್ ಎತ್ತಿದಾಗ ನೆಲದಲ್ಲಿ ತೂತು ಕಂಡರೆ ಅಷ್ಟಕ್ಕೇ ಬಿಡಬೇಕಿಲ್ಲ. ರೈಲುಗಳಲ್ಲಿ, ಹಿಂದಿನ ಪಟ್ಟಿ ಸ್ಪ್ರಿಂಗ್‌ನ ಮುಂತುದಿ ಕೂರುವ ಜಾಗದಲ್ಲಿ ತುಕ್ಕು ಆಳವಾಗಿದ್ದರೆ ಬಿಡಿ. 4.0 ಲೀಟರಿನ ಆರು ಸಿಲಿಂಡರ್ ಎಂಜಿನ್ ದೀರ್ಘ ಬಾಳಿಕೆಯದು, ಆದರೆ 2000, 2001ರ ಗಾಡಿಗಳಲ್ಲಿ ಹೆಡ್ ಮೇಲೆ 0331 ಎಂಬ ಎರಕದ ಅಂಕಿ ಇದ್ದರೆ ಮೂರನೆಯ ಮತ್ತು ನಾಲ್ಕನೆಯ ಸಿಲಿಂಡರ್ ನಡುವೆ ಬಿರುಕು ಬಿಡುವ ಪ್ರಸಿದ್ಧ ದೋಷವಿದೆ. ಎಣ್ಣೆಯಲ್ಲಿ ನೀರು ಬೆರೆತಿದೆಯೇ ನೋಡಿ.

ಇನ್ನು ಐಷಾರಾಮಿ ಆಫ್‌ರೋಡರ್‌ಗಳು. ರೇಂಜ್ ರೋವರ್ ಪಿ38ರಂಥ (1994ರಲ್ಲಿ ಬಂದದ್ದು) ಗಾಡಿಯಲ್ಲಿ ನಾಲ್ಕೂ ಮೂಲೆಗೆ ಏರ್ ಸ್ಪ್ರಿಂಗ್. ನಿಂತ ಗಾಡಿಯಲ್ಲಿ ಅದರ ರಬ್ಬರು ಬಿರಿದು ಗಾಳಿ ಸೋರುತ್ತದೆ, ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಡುತ್ತದೆ. ಅದರ ಮೇಲೆ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು. ಹೊಸದರಲ್ಲಿ ದುಬಾರಿಯಾಗಿದ್ದ ಗಾಡಿಯ ಸಾಮಾನು ಹಳೆಯದಾದ ಮೇಲೂ ದುಬಾರಿಯೇ. ಡಯಾಗ್ನೋಸ್ಟಿಕ್ ಉಪಕರಣ, ವೈರಿಂಗ್ ಚಿತ್ರ ಓದುವ ಅಭ್ಯಾಸ ಎರಡೂ ಇಲ್ಲದವರು ಇಂಥವನ್ನು ಮುಟ್ಟಬೇಡಿ.

ಚಾಸಿಯ ಕೆಳಗೆ ಒಂದು ಗಂಟೆ

ನೋಡಲು ಹೋಗುವಾಗ ಟಾರ್ಚು, ಸಣ್ಣ ಸುತ್ತಿಗೆ, ದಬ್ಬಳ ಇಲ್ಲವೇ ಹಳೆ ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಅಯಸ್ಕಾಂತ, ಅಳತೆ ಟೇಪು, ಸೀಮೆಸುಣ್ಣ, ತೂಕದ ಗುಂಡು ಕಟ್ಟಿದ ದಾರ, ಜಾಕು ಮತ್ತು ಎರಡು ಸ್ಟ್ಯಾಂಡು ಒಯ್ಯಿರಿ. ಜಾಕನ್ನೊಂದೇ ನಂಬಿ ಯಾವತ್ತೂ ಗಾಡಿಯ ಕೆಳಗೆ ಹೋಗಬಾರದು. ಹಳೆ ಗಾಡಿಯಲ್ಲಿ ಜಾಕು ಕೊಡುವ ಜಾಗವೇ ಕೊಳೆತಿರಬಹುದು, ಆದ್ದರಿಂದ ಆಕ್ಸಲ್ ಹೌಸಿಂಗ್ ಕೆಳಗೆ ಎತ್ತಿ.

ತೊಲೆಯ ಉದ್ದಕ್ಕೂ ಒಂದೊಂದು ಗೇಣಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಕೊಳೆತ ಕಡೆ ದಬ್ ಎಂಬ ಸತ್ತ ಸದ್ದು. ಒಳಗೆ ಉದುರಿದ ತುಕ್ಕಿನ ಹಾಳೆಗಳು ಸರಸರ ಜಾರುವುದೂ ಕೇಳಿಸುತ್ತದೆ. ಸದ್ದು ಬದಲಾದ ಕಡೆ ದಬ್ಬಳ ಒತ್ತಿ. ತಗ್ಗಿದರೆ ಅಥವಾ ತೂರಿದರೆ ಸೀಮೆಸುಣ್ಣದಿಂದ ಸುತ್ತ ಗೆರೆ ಹಾಕಿ. ನೀರಿಳಿಯುವ ತೂತುಗಳಲ್ಲಿ ತಂತಿ ಆಡಿಸಿದಾಗ ಒದ್ದೆ ಮಣ್ಣು ಬಂದರೆ ತೊಲೆ ಒಳಗಡೆ ತುಂಬಿಕೊಂಡಿದೆ ಎಂದರ್ಥ. ಕೆಸರು ಎರಚುವ ಚಕ್ರದ ಹಿಂಬದಿ, ಸ್ಪ್ರಿಂಗ್ ಶ್ಯಾಕಲ್ ಕೂರುವ ಕಡೆ, ಬಾಡಿ ಮೌಂಟ್, ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗ, ಸ್ಟೇರಿಂಗ್ ಬಾಕ್ಸ್ ಬೋಲ್ಟಾಗುವ ಜಾಗ, ಇವುಗಳ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ಸ್ಟೇರಿಂಗ್ ಬಾಕ್ಸ್ ಸುತ್ತ ಕೂದಲೆಳೆಯ ಬಿರುಕಿದೆಯೇ ನೋಡಲು ಇನ್ನೊಬ್ಬರು ನಿಂತ ಗಾಡಿಯಲ್ಲೇ ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಲಿ. ಬಿರುಕು ಬಾಯಿ ಬಿಡುವುದು ಕಣ್ಣಿಗೇ ಕಾಣುತ್ತದೆ.

ಸೀಮೆಸುಣ್ಣದ ಗುರುತುಗಳನ್ನು ಎಣಿಸುವುದಕ್ಕಿಂತ ಅವು ಎಲ್ಲಿವೆ ಎಂಬುದು ಮುಖ್ಯ. ಹಿಂದಿನ ಅಡ್ಡತೊಲೆ, ಔಟ್‌ರಿಗ್ಗರ್‌ಗಳಂಥ ತುದಿಯ ಭಾಗಗಳನ್ನು ಕತ್ತರಿಸಿ ಹೊಸದು ಬೆಸೆಯಬಹುದು. ಮುಖ್ಯ ಉದ್ದತೊಲೆಯಲ್ಲಿ ಸ್ಪ್ರಿಂಗ್ ಹ್ಯಾಂಗರ್‌ಗಳ ಹತ್ತಿರ ಎರಡೂ ಪಕ್ಕ ತೂತಿದ್ದರೆ, ಆ ಮಾಡೆಲ್‌ಗೆ ಹೊಸ ಚಾಸಿ ಸಿಗದಿದ್ದರೆ, ಮನಸ್ಸು ಎಷ್ಟೇ ಎಳೆದರೂ ವಾಪಸ್ ಬನ್ನಿ.

ಅಪಘಾತವಾದ ಗಾಡಿಯನ್ನು ಕಂಡುಹಿಡಿಯುವುದು ಸುಲಭ. ಸಮತಟ್ಟು ನೆಲದ ಮೇಲೆ ಎಡ ಮುಂದಿನ ಸ್ಪ್ರಿಂಗ್ ಹ್ಯಾಂಗರ್ ಬೋಲ್ಟಿನಿಂದ ದಾರ ಇಳಿಬಿಟ್ಟು ನೆಲದಲ್ಲಿ ಗುರುತು ಮಾಡಿ. ಬಲ ಮುಂದೆ, ಎಡ ಹಿಂದೆ, ಬಲ ಹಿಂದೆಯೂ ಹಾಗೇ. ಮೂಲೆಯಿಂದ ಮೂಲೆಗೆ ಎರಡು ಅಳತೆ ತೆಗೆಯಿರಿ. ವ್ಯತ್ಯಾಸ 6 ಮಿ.ಮೀ. ದಾಟಿದರೆ ಚಾಸಿ ಓರೆಯಾಗಿರುವ ಶಂಕೆ ಇದೆ.

ಬಾಡಿಯ ಪರೀಕ್ಷೆಗೆ ಅಯಸ್ಕಾಂತ ಸಾಕು. ಉಕ್ಕಿನ ಬಾಡಿಯಲ್ಲಿ ಅದು ಹಿಡಿಯದ ಕಡೆಯೆಲ್ಲ ಪುಟ್ಟಿ.

ಎಂಜಿನ್: ಹೆದರಬೇಕಾದಷ್ಟೇ ಹೆದರಿ

ನಿಂತ ಎಂಜಿನ್‌ಗೆ ಅಲ್ಲೇ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಲು ಮಾರುವವರು ಹೊರಟರೆ ತಡೆಯಿರಿ. ಒಳಗೆ ಅಂಟಿಕೊಂಡ ರಿಂಗು ಮುರಿಯುತ್ತದೆ, ಹಿಡಿದುಕೊಂಡ ವಾಲ್ವಿನಿಂದ ಪುಶ್‌ರಾಡ್ ಬಾಗುತ್ತದೆ. ಗೇರ್ ಹಾಕಿ ಎಳೆಸುವುದು ಇನ್ನೂ ಕೆಟ್ಟದ್ದು. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಉದ್ದ ಹಿಡಿಯಿಂದ ಕೈಯಲ್ಲೇ ತಿರುಗಿಸಿ. ಎರಡು ಪೂರ್ತಿ ಸುತ್ತು ತಡೆಯಿಲ್ಲದೆ ಬಂದರೆ ದೊಡ್ಡ ಭಯ ಕಳೆಯಿತು.

ತಿರುಗದಿದ್ದರೆ ಬೆಲೆ ಇಳಿಸಿ ಮಾತಾಡಿ. ಮನೆಗೆ ತಂದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ (ಡೀಸೆಲ್ ಆದರೆ ಇಂಜೆಕ್ಟರ್) ಪ್ರತಿ ಸಿಲಿಂಡರಿಗೂ 30ರಿಂದ 50 ಮಿ.ಲೀ. ಆಟೊಮ್ಯಾಟಿಕ್ ಗೇರ್ ಎಣ್ಣೆ ಮತ್ತು ಡೀಸೆಲ್ ಸಮಸಮ ಬೆರೆಸಿ ಸುರಿಯಿರಿ. ಒಂದು ವಾರ ಬಿಡಿ, ಕಡಿಮೆಯಾದರೆ ಮತ್ತೆ ಸುರಿಯಿರಿ. ಆಮೇಲೆ ಮುಂದಕ್ಕೊಂದಿಷ್ಟು, ಹಿಂದಕ್ಕೊಂದಿಷ್ಟು ಅಲ್ಲಾಡಿಸುತ್ತಾ ಬಿಡಿಸಿ. ಒಮ್ಮೆಲೇ ಬಲ ಹಾಕಿದರೆ ಬೋಲ್ಟಿನ ತಲೆ ಮುರಿದು ಕೆಲಸ ಇಮ್ಮಡಿಯಾಗುತ್ತದೆ. ತಿರುಗತೊಡಗಿದ ಮೇಲೂ ಪ್ಲಗ್ ಹಾಕುವ ಮೊದಲು ಉಳಿದ ದ್ರವ ಹೊರಬರಲು ಹಲವು ಸುತ್ತು ತಿರುಗಿಸಿ, ಎಂಜಿನ್ ಆಯಿಲ್ ಬದಲಿಸಿ, ಟ್ಯಾಪಿಟ್ ಕವರ್ ತೆಗೆದು ಎಲ್ಲ ವಾಲ್ವೂ ಒಂದೇ ಮಟ್ಟಕ್ಕೆ ವಾಪಸ್ ಬರುತ್ತಿವೆಯೇ ನೋಡಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಹಳೆ ಬೆಲ್ಟಿನಲ್ಲಿ ಸ್ಟಾರ್ಟ್ ಮಾಡಲೇಬೇಡಿ.

ತಿರುಗುವ ಎಂಜಿನ್‌ಗೆ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು. ಎಲ್ಲ ಪ್ಲಗ್ ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಐದಾರು ಹೊಡೆತ. ಹಳೆ ಪೆಟ್ರೋಲ್ ಎಂಜಿನ್‌ಗಳಲ್ಲಿ 120ರಿಂದ 160 ಪಿಎಸ್‌ಐ, ಹಳೆ ಡೀಸೆಲ್‌ಗಳಲ್ಲಿ 400ರ ಆಸುಪಾಸು ಒಳ್ಳೆಯದು. ಅಂಕಿಗಿಂತಲೂ ಮುಖ್ಯವಾಗಿ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 15ರೊಳಗೆ ಇರಬೇಕು. ಪೆಟ್ರೋಲ್ ಎಂಜಿನ್‌ನಲ್ಲಿ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ನೋಡಿ. ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು ಇಲ್ಲವೇ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಗ್ಯಾಸ್ಕೆಟ್ ಅವುಗಳ ನಡುವೆಯೇ ಹಾರಿರಬಹುದು. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಮೊದಲ ಅಂಕಿ ನೋಡಿ ತೀರ್ಪು ಕೊಡಬೇಡಿ, ಅಂಟಿದ ರಿಂಗು ಸ್ವಲ್ಪ ಓಡಿದ ಮೇಲೆ ಬಿಡಿಸಿಕೊಂಡು ಕಂಪ್ರೆಷನ್ ಏರುವುದುಂಟು.

ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ. ಎಣ್ಣೆ ಹಾಕುವ ಮುಚ್ಚಳದ ಒಳಗಷ್ಟೇ ತೆಳ್ಳಗೆ ಕೆನೆಯಂತಿದ್ದರೆ ಅದು ಬರೀ ತೇವ. ರೇಡಿಯೇಟರ್‌ನಲ್ಲಿ ಕೂಲೆಂಟ್ ಬದಲು ಕೆಂಪು ಕೆಸರಿದ್ದರೆ ಬ್ಲಾಕಿನ ಪಕ್ಕದ ಕೋರ್ ಪ್ಲಗ್‌ಗಳು (ತಗಡಿನ ಮುಚ್ಚಳಗಳು) ತೂತಾಗಿರುವ ಸಾಧ್ಯತೆ ಹೆಚ್ಚು, ರೇಡಿಯೇಟರ್ ಬದಲಿಸುವ ಖರ್ಚನ್ನೂ ಸೇರಿಸಿ. ಹಳೆಯ ಟ್ಯಾಂಕಿನ ಇಂಧನದಲ್ಲಿ ಸ್ಟಾರ್ಟ್ ಮಾಡಬೇಡಿ. ನಿಂತ ಪೆಟ್ರೋಲ್ ಅಂಟು ವಾರ್ನಿಶ್ ಆಗಿ ಕಾರ್ಬ್ಯುರೇಟರ್‌ನ ಜೆಟ್ಟುಗಳನ್ನು ಮುಚ್ಚುತ್ತದೆ, ನಿಂತ ಡೀಸೆಲ್‌ನಲ್ಲಿ ನೀರು ಕೂತು ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರ್ ಕಟ್ಟುತ್ತದೆ. ಪರೀಕ್ಷೆಗೆ ಸಣ್ಣ ಕ್ಯಾನಿನಿಂದ ಹೊಸ ಇಂಧನ ಕೊಡಿ.

ಗೇರ್, ಆಕ್ಸಲ್, ಬ್ರೇಕ್

ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಶಿಯಲ್‌ಗಳ ಎಣ್ಣೆ ನೋಡಲೇಬೇಕು. ಮೊದಲು ಎಣ್ಣೆ ಹಾಕುವ ಪ್ಲಗ್ ಬಿಚ್ಚಿ, ಅದು ಬಿಚ್ಚಿದರೆ ಮಾತ್ರ ಇಳಿಸುವ ಪ್ಲಗ್ ಮುಟ್ಟಿ. ಹಿಂದುಮುಂದಾಗಿ ಮಾಡಿ, ಮೇಲಿನದು ತುಕ್ಕು ಹಿಡಿದು ಬಿಚ್ಚದೇ ಹೋದರೆ ಎಣ್ಣೆಯಿಲ್ಲದ ಗಾಡಿ ನಿಮ್ಮ ಕೈಲಿರುತ್ತದೆ. ಅಯಸ್ಕಾಂತದ ಪ್ಲಗ್‌ಗೆ ಬೂದು ಬಣ್ಣದ ನುಣ್ಣನೆ ಲೇಪ ಅಂಟಿದ್ದರೆ ಸಹಜ ಸವೆತ. ಚೂರು, ಹಲ್ಲಿನ ತುಂಡು ಬಂದರೆ ಅದು ಬಿಚ್ಚಿ ಕಟ್ಟುವ ಕೆಲಸ. ಡಿಫರೆನ್ಶಿಯಲ್ ಎಣ್ಣೆ ಹಾಲಿನಂತಿದ್ದರೆ ಆಕ್ಸಲ್‌ನ ಬ್ರೀದರ್ (ಗಾಳಿ ಹೋಗಿ ಬರುವ ಕಿಂಡಿ) ಕಟ್ಟಿಕೊಂಡಿರುವುದು ಸಾಮಾನ್ಯ ಕಾರಣ: ಬಿಸಿಯಾದ ಹೌಸಿಂಗ್ ಹಳ್ಳದ ನೀರಿಗಿಳಿದು ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಬೇರಿಂಗ್‌ಗಳಲ್ಲಿ ತುಕ್ಕಿನ ಗುಳಿ ಬಿದ್ದಿದೆಯೇ ನೋಡಬೇಕಾಗುತ್ತದೆ.

ನಾಲ್ಕಾರು ಗಾಡಿಗಳಿಂದ ಕೂಡಿಸಿ ಕಟ್ಟಿದ್ದಾದರೆ ಮುಂದಿನ ಹಿಂದಿನ ಕ್ರೌನ್ ಪಿನಿಯನ್ (ಡಿಫರೆನ್ಶಿಯಲ್‌ನ ಮುಖ್ಯ ಗೇರು ಜೋಡಿ) ಅನುಪಾತ ಒಂದೇ ಇದೆಯೇ ಎಂದು ಕೊಳ್ಳುವ ಮೊದಲೇ ಎಣಿಸಿ. ಬೇರೆಬೇರೆ ಇದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡು ಆಕ್ಸಲ್ ಒಂದಕ್ಕೊಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಎಣಿಸುವ ಬಗೆ ಹೀಗೆ: ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು, ಎರಡೂ ಲಿವರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದು ಚಕ್ರ ಮಾತ್ರ ಎತ್ತಿ. ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ನಾಲ್ಕು ಸುತ್ತು ದಾಟಿ ಹತ್ತನೆಯ ಒಂದು ಭಾಗವಾದರೆ 4.1. ಮುಂದೆ ಎಣಿಸುವಾಗ ಹಬ್ ಲಾಕ್ ಆಗಿರಬೇಕು.

ಓಡುವ ಗಾಡಿಯಾದರೆ ಪ್ರತಿ ಗೇರಿನಲ್ಲೂ ಆಕ್ಸಿಲರೇಟರ್ ಒಮ್ಮೆಲೇ ಬಿಟ್ಟು ನೋಡಿ. ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಒಳಗೆ ಸವೆದಿದೆ. ಫೋರ್ ವೀಲ್ ಮತ್ತು ಲೋ ರೇಂಜ್ ಪರೀಕ್ಷೆ ಮಣ್ಣು, ಜಲ್ಲಿಯ ಮೇಲೆ ಮಾತ್ರ. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಶಿಯಲ್ ಇಲ್ಲದ ಹಳೆ ವ್ಯವಸ್ಥೆಯನ್ನು ಒಣ ಡಾಂಬರಿನ ಮೇಲೆ ಹಾಕಿ ತಿರುಗಿಸಿದರೆ ಇಡೀ ಡ್ರೈವ್ ಸಾಲು ತಿರುಚಿ ಬಿಗಿಯುತ್ತದೆ.

ಬ್ರೇಕಿನ ಬಗ್ಗೆ ಚೌಕಾಸಿ ಇಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ತೇವದಿಂದ ಮಾಸ್ಟರ್ ಸಿಲಿಂಡರೂ ವೀಲ್ ಸಿಲಿಂಡರೂ ಒಳಗಿನಿಂದ ತುಕ್ಕು ಹಿಡಿಯುತ್ತವೆ, ರಬ್ಬರ್ ಹೋಸ್ ಒಳಗೇ ಊದಿ ಮುಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಗಾಡಿಗೆ ಎರಡೂ ಬಗೆಯ ಸಿಲಿಂಡರ್, ಹೋಸು, ಉಕ್ಕಿನ ಪೈಪು, ಲೈನರ್ ಎಲ್ಲ ಹೊಸದೆಂದೇ ಲೆಕ್ಕ ಹಾಕಿ. ಹಳೆ ಲೈನರ್‌ನಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು. ಹತ್ತು ವರ್ಷ ದಾಟಿದ ಟೈರನ್ನು, ಅದರ ಗುಂಡಿ (ಮೇಲ್ಮೈಯ ಹಲ್ಲು) ಎಷ್ಟೇ ಉಳಿದಿರಲಿ, ರಸ್ತೆಗೆ ಹಾಕಬಾರದು. ವೈರಿಂಗ್ ಬಾಗಿಸಿದರೆ ಸಿಪ್ಪೆ ಬಿರಿಯುತ್ತದೆಯೇ, ಇಲಿ ಕಡಿದಿದೆಯೇ ನೋಡಿ. ಒಂದು ಮೀಟರ್ ಉದ್ದದ ವೈರಿನಲ್ಲಿ ನಾಲ್ಕು ಜಾಯಿಂಟ್ ಕಂಡರೆ ಹೊಸ ಹಾರ್ನೆಸ್ ಹಾಕುವುದೇ ಸರಿ. ಹಳೆ ಜೀಪುಗಳ ವೈರಿಂಗ್ ಸರಳವಾದ್ದರಿಂದ ಇದು ಅಷ್ಟು ದೊಡ್ಡ ಕೆಲಸವಲ್ಲ.

ಎಷ್ಟು ಆಳಕ್ಕೆ ಇಳಿಯುವುದು

ಚಾಸಿ ಪಾಸಾದರೆ ಇನ್ನೊಂದು ಆಯ್ಕೆ ಉಳಿಯುತ್ತದೆ. ಬ್ರೇಕ್, ಸ್ಟೇರಿಂಗ್, ಟೈರು, ಇಂಧನದ ದಾರಿ, ಕೂಲಿಂಗ್, ವೈರಿಂಗ್ ಇಷ್ಟನ್ನೇ ಸರಿಮಾಡಿ ಓಡುವಂತೆ ಮಾಡುವುದು ಒಂದು. ಬಾಡಿ ಎತ್ತಿ ಚಾಸಿಯನ್ನು ಬರಿದಾಗಿಸಿ, ಪ್ರತಿ ಭಾಗವನ್ನೂ ಹೊಸದಾಗಿ ಕಟ್ಟುವುದು ಇನ್ನೊಂದು. ಮೊದಲನೆಯದರಲ್ಲಿ ಗಾಡಿ ಬೇಗ ಓಡುತ್ತದೆ, ಉಳಿದದ್ದನ್ನು ಓಡಿಸುತ್ತಲೇ ಒಂದೊಂದಾಗಿ ಮಾಡಬಹುದು. ಎರಡನೆಯದಕ್ಕೆ ನೂರಾರು ಗಂಟೆ ಹಿಡಿಯುತ್ತದೆ; ಬಾಡಿ, ಚಾಸಿ, ಬಿಚ್ಚಿದ ಸಾಮಾನು ಸೇರಿ ಸುಮಾರು ಮೂರು ಗಾಡಿಯ ಜಾಗ ಬೇಕು, ಅದೂ ಮಳೆ ಬೀಳದ ಕಡೆ. ಅರ್ಧಕ್ಕೆ ನಿಂತು ಮಾರಾಟಕ್ಕೆ ಬರುವ ಗಾಡಿಗಳೆಲ್ಲ ಹೆಚ್ಚಾಗಿ ಈ ಎರಡನೆಯ ದಾರಿ ಹಿಡಿದವು. ಗಟ್ಟಿ ಚಾಸಿಯ ಗಾಡಿಗೆ ಮೊದಲನೆಯ ದಾರಿ ಹಿಡಿಯಿರಿ ಎಂಬುದೇ ನಮ್ಮ ಖಚಿತ ಸಲಹೆ. ಚಾಸಿಯನ್ನೇ ಬದಲಿಸಬೇಕಾದಾಗ ಮಾತ್ರ ಬಾಡಿ ಎತ್ತಿ.

ಖರ್ಚಿನ ಪಟ್ಟಿಯಲ್ಲಿ ಬಿಟ್ಟುಹೋಗುವುದು ಸಣ್ಣ ಸಾಮಾನು: ಸೀಲು, ಬುಷ್ಷು, ಕ್ಲಿಪ್ಪು, ರಬ್ಬರು, ಬೋಲ್ಟು, ನಾಲ್ಕು ಕಡೆಯ ಎಣ್ಣೆ, ಗ್ರೈಂಡರ್ ಚಕ್ರ, ಪ್ರೈಮರ್. ಖಚಿತವಾಗಿ ಗೊತ್ತಿರುವ ಖರ್ಚನ್ನು ಬರೆದು ಅದರ ಅರ್ಧದಷ್ಟನ್ನು ಕಾಣದ ಕೆಲಸಕ್ಕೆಂದು ಸೇರಿಸಿ. ಆ ಮೊತ್ತಕ್ಕೆ ಗಾಡಿಯ ಬೆಲೆ ಕೂಡಿಸಿದಾಗ ಅದೇ ಮಾಡೆಲ್‌ನ ಚೆನ್ನಾಗಿ ಓಡುತ್ತಿರುವ ಗಾಡಿಗಿಂತ ಬಹಳ ಹೆಚ್ಚಾದರೆ ಹಣದ ದೃಷ್ಟಿಯಿಂದ ಈ ಖರೀದಿ ನಿಲ್ಲುವುದಿಲ್ಲ. ಆದರೂ ಬೇಕೆನಿಸಿದರೆ ಅದು ಕೈಕೆಲಸದ ಖುಷಿಗೆ ಕೊಡುವ ಬೆಲೆ ಎಂದು ತಿಳಿದೇ ಕೊಡಿ. ವೆಲ್ಡಿಂಗ್ ನಿಮಗೆ ಬರುತ್ತದೆಯೇ ಎಂಬುದೊಂದೇ ಈ ಮೊತ್ತವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುತ್ತದೆ, ತುಕ್ಕಿನ ಕೆಲಸದಲ್ಲಿ ತಗಡಿಗಿಂತ ಕೂಲಿಯೇ ದುಬಾರಿ.

ಹಣ ಕೊಡುವ ಮೊದಲು ಚಾಸಿ ಮೇಲೆ ಕೊರೆದ ನಂಬರನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಕಾಗದದ ನಂಬರಿಗೆ ಅಕ್ಷರ ಅಕ್ಷರ ತಾಳೆ ನೋಡಿ. ಎಂಜಿನ್ ನಂಬರೂ ಹಾಗೆಯೇ. ನಂಬರಿನ ಸುತ್ತ ವೆಲ್ಡಿಂಗ್ ಗುರುತು ಅಥವಾ ಗ್ರೈಂಡರ್ ಗೀರು ಇದ್ದರೆ ಅದಕ್ಕಿಂತ ಮುಂದೆ ಹೋಗಬೇಡಿ. ಮಾರುವವರೇ ಕಾಗದದಲ್ಲಿರುವ ಮಾಲೀಕರೇ, ಸಾಲ ಅಥವಾ ತೆರಿಗೆ ಬಾಕಿ ಇದೆಯೇ, ಅಷ್ಟು ಹಳೆಯ ಗಾಡಿಯನ್ನು ನಿಮ್ಮ ಕಡೆ ಮತ್ತೆ ನೋಂದಾಯಿಸಬಹುದೇ ಎಂದು ವಿಚಾರಿಸಿದ ಮೇಲೆ ಮುಂಗಡ ಕೊಡಿ.

ತರುವಾಗ ಹಗ್ಗ ಕಟ್ಟಿ ಎಳೆಯಬೇಡಿ. ಬ್ರೇಕ್ ಇಲ್ಲದ, ಟೈರು ಬಿರಿದ ಗಾಡಿಯನ್ನು ಫ್ಲ್ಯಾಟ್‌ಬೆಡ್ ಮೇಲೆ ಹೇರಿಕೊಂಡೇ ಬರಬೇಕು. ಬ್ರೇಕ್ ಶೂ ಡ್ರಮ್ಮಿಗೆ ಅಂಟಿ ಚಕ್ರ ತಿರುಗದಿದ್ದರೆ ಅಡ್ಜಸ್ಟರ್ ಸಡಿಲಿಸಿ, ಡ್ರಮ್ಮಿನ ಅಂಚಿಗೆ ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ, ಆಮೇಲೆ ವಿಂಚ್ ಹಾಕಿ. ವಿಂಚ್ ಕೊಕ್ಕೆಯನ್ನು ಬಂಪರಿಗಾಗಲಿ ಕೊಳೆತ ಅಡ್ಡತೊಲೆಗಾಗಲಿ ಹಾಕದೆ ಆಕ್ಸಲ್‌ಗೆ ಬೆಲ್ಟು ಸುತ್ತಿ ಹಾಕಿ. ಗಾಡಿ ಮೇಲೇರಿದ ನಂತರ ಅದು ನಿಂತಿದ್ದ ಜಾಗದ ನೆಲ, ಶೆಡ್ಡಿನ ಅಟ್ಟ, ಗೋಡೆಯ ಮೊಳೆ ಎಲ್ಲ ಹುಡುಕಿ; ಬೀಗದ ಕೈ, ಜಾಕಿನ ಹಿಡಿ, ಕ್ಯಾನ್ವಾಸಿನ ಕಂಬಿ, ಸ್ಟೆಪ್ನಿಯ ಬ್ರ್ಯಾಕೆಟ್ ಉಳಿದಿರುವುದು ಸಾಮಾನ್ಯವಾಗಿ ಅಲ್ಲೇ.